ಕಾಲಂ ಇಲ್ಲದ ಖರ್ಚು

ಗೃಹಸಾಲದ ಅರ್ಜಿಯಲ್ಲಿ ‘ಅವಲಂಬಿತರು ಎಷ್ಟು ಜನ’ ಅಂತ ಒಂದು ಕಾಲಂ ಇರುತ್ತದೆ. ಒಂದೋ ಎರಡೋ ಅಂತ ಬರೆದರೆ ಮುಗಿಯಿತು. ಆ ಅವಲಂಬಿತರಲ್ಲಿ ಒಬ್ಬಳಿಗೆ ಇನ್ನೂ ಮೂರು ವರ್ಷ, ಅಪ್ಪ ಅಮ್ಮ ಇಬ್ಬರೂ ಬೆಳಿಗ್ಗೆ ಮನೆ ಬಿಡುತ್ತಾರೆ, ಸಂಜೆವರೆಗೆ ಅವಳನ್ನು ಯಾರು ನೋಡಿಕೊಳ್ಳುತ್ತಾರೆ, ಅದಕ್ಕೆ ತಿಂಗಳಿಗೆ ಎಷ್ಟು ಕೊಡುತ್ತೀರಿ ಅಂತ ಯಾರೂ ಕೇಳುವುದಿಲ್ಲ. ನಮ್ಮ ಮನೆ ಸಾಲವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ವರ್ಗಾಯಿಸಲು ಹೊರಟಾಗಿನಿಂದ ಇದು ನನ್ನ ತಲೆಯಲ್ಲಿ ಕೊರೆಯುತ್ತಲೇ ಇದೆ. ಅದೇ ಹೊತ್ತಿಗೆ ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ನನ್ನ ತಂಗಿಯೂ ಮನೆ ಸಾಲದ ಕಾಗದ ಹಿಡಿದು ಕೂತಿದ್ದಳು. ಅಲ್ಲಿ ಅದನ್ನು ರೀಮಾರ್ಟ್‌ಗೇಜ್ ಅನ್ನುತ್ತಾರೆ. ಅವಳಿಗೆ ಕೇಳಿದ ಮೊದಲ ಪ್ರಶ್ನೆಗಳಲ್ಲೇ ಒಂದು, ಮಗುವಿನ ನರ್ಸರಿ ಫೀ ಎಷ್ಟು ಅಂತ. ಇಲ್ಲಿ ಆ ಪ್ರಶ್ನೆಯೇ ಇಲ್ಲ, ಅಲ್ಲಿ ಅದಿಲ್ಲದೆ ಅರ್ಜಿ ಮುಂದೆ ಹೋಗುವುದಿಲ್ಲ. ಯಾವುದು ಸರಿ ಅಂತ ಯೋಚಿಸುತ್ತಾ ಹೋದರೆ ಎರಡೂ ಅರ್ಧರ್ಧ ತಪ್ಪು ಅನ್ನಿಸಿತು. ಅದನ್ನೇ ಬರೆಯೋಣ ಅಂತ.

ನಮ್ಮದು ನವನಗರದಲ್ಲಿ ಸಣ್ಣ ಮನೆ. ನಮ್ಮವರ ಕೆಲಸ ಧಾರವಾಡದಾಚೆ ಬೇಲೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ, ನನ್ನದು ಹುಬ್ಬಳ್ಳಿ ವಿದ್ಯಾನಗರದಲ್ಲಿ. ನಡುವೆ ಎಲ್ಲಾದರೂ ಇರೋಣ ಅಂತ ಅಲ್ಲಿ ಮನೆ ಮಾಡಿದೆವು. 2021ರಲ್ಲಿ ಒಂದು ಹೌಸಿಂಗ್ ಫೈನಾನ್ಸ್ ಕಂಪನಿಯಿಂದ 28 ಲಕ್ಷ ಸಾಲ, 20 ವರ್ಷಕ್ಕೆ, ಶೇ. 7ರ ಬಡ್ಡಿ. ಕಂತು 21,700 ರೂಪಾಯಿಯ ಆಸುಪಾಸು. ಆಗ ರೆಪೋ ದರ, ಅಂದರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ದರ, ಶೇ. 4 ಇತ್ತು, ಸಾಲ ಅಗ್ಗ ಅಂತ ಎಲ್ಲರೂ ತಗೊಂಡಿದ್ದೇ ತಗೊಂಡಿದ್ದು. 2022ರ ಮೇ ತಿಂಗಳಿಂದ ರಿಸರ್ವ್ ಬ್ಯಾಂಕ್ ದರ ಏರಿಸುತ್ತಾ ಹೋಯಿತು. 2023ರ ಫೆಬ್ರವರಿಗೆ ರೆಪೋ ಶೇ. 6.5 ಆಯಿತು. ನಮ್ಮ ಬಡ್ಡಿ 9.5ಕ್ಕೆ ಹೋಗಿ ಕೂತಿತು.

ಎರಡೂವರೆ ಪರ್ಸೆಂಟ್ ಅಂದರೆ ಏನು ಮಹಾ ಅನ್ನಿಸಬಹುದು. ಲೆಕ್ಕ ನೋಡಿ. ಆಗ ಉಳಿದಿದ್ದ ಸಾಲ 26.6 ಲಕ್ಷದಷ್ಟು. 9.5ರ ಲೆಕ್ಕಕ್ಕೆ ತಿಂಗಳ ಬಡ್ಡಿಯೇ 21 ಸಾವಿರ ದಾಟುತ್ತದೆ. ನಾವು ಕಟ್ಟುವ 21,700ರಲ್ಲಿ ಅಸಲಿಗೆ ಹೋಗುವುದು ಆರುನೂರು ಚಿಲ್ಲರೆ. ಕಂತು ಹಾಗೇ ಬಿಟ್ಟಿದ್ದರೆ ಸಾಲ ತೀರಲು 37 ವರ್ಷ ಬೇಕಿತ್ತು. ನಮ್ಮವರು ರಿಟೈರ್ ಆಗಿ ಎಷ್ಟೋ ವರ್ಷ ಆದ ಮೇಲೂ ಕಂತು ನಡೆಯುತ್ತಿತ್ತು! ಹಾಗಾಗಿ ಕಂತನ್ನೇ ಏರಿಸಿಕೊಂಡೆವು, 25,800ರ ಹತ್ತಿರ. (ಈಗ ನಿಯಮ ಚೆನ್ನಾಗಿದೆ. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿತು. ಬಡ್ಡಿ ಏರಿದಾಗ ಕಂತು ಏರಿಸಬೇಕಾ, ಅವಧಿ ಏರಿಸಬೇಕಾ ಅಂತ ಸಾಲ ತಗೊಂಡವರನ್ನೇ ಕೇಳಬೇಕು. ಕೇಳದೆ ಅವಧಿ ಎಳೆದುಕೊಂಡು ಹೋದವರು ನಮ್ಮ ಓಣಿಯಲ್ಲೇ ಇದ್ದಾರೆ. ನಿಮ್ಮ ಸ್ಟೇಟ್‌ಮೆಂಟ್‌ನಲ್ಲಿ ಉಳಿದ ಕಂತು ಎಷ್ಟಿದೆ ಅಂತ ಒಮ್ಮೆ ತೆಗೆದು ನೋಡಿ.)

ಕಂತು ನಾಲ್ಕು ಸಾವಿರ ಏರಿದ್ದಕ್ಕೂ ಮಗಳು ಬಂದಿದ್ದಕ್ಕೂ ಸರಿಯಾಗಿ ಒಂದೇ ಹೊತ್ತಾಯಿತು.

2025ರ ಫೆಬ್ರವರಿಯಿಂದ ದರ ಇಳಿಯಲು ಶುರುವಾಗಿ ಡಿಸೆಂಬರ್ ಹೊತ್ತಿಗೆ ರೆಪೋ ಶೇ. 5.25ಕ್ಕೆ ಬಂತು. ಪೇಪರಿನಲ್ಲಿ ‘ಗೃಹಸಾಲ ಅಗ್ಗ’ ಅಂತ ದಪ್ಪಕ್ಷರ. ನಮ್ಮ ಕಂತು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಕಾರಣ ಇಷ್ಟೇ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಹೊಸ ಫ್ಲೋಟಿಂಗ್ (ಬಡ್ಡಿ ಏರಿಳಿಯುವ) ಗೃಹಸಾಲಗಳನ್ನು ರೆಪೋದಂಥ ಹೊರಗಿನ ದರಕ್ಕೆ ಜೋಡಿಸಲೇಬೇಕು, ಮೂರು ತಿಂಗಳಿಗೊಮ್ಮೆಯಾದರೂ ಬದಲಿಸಬೇಕು. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಆ ಕಟ್ಟು ಇಲ್ಲ, ಅವರದು ಅವರದೇ ದರ. ಏರುವಾಗ ಬೇಗ ಏರಿತು, ಇಳಿಯುವಾಗ ಮೆಟ್ಟಿಲು ಮೆಟ್ಟಿಲಿಗೂ ಕೂತು ಸುಧಾರಿಸಿಕೊಂಡಿತು. ಬ್ಯಾಂಕಿಗೆ ವರ್ಗಾಯಿಸಿದರೆ 7.75ಕ್ಕೆ ಸಿಗುತ್ತದೆ ಅಂತ ಗೊತ್ತಾಯಿತು. ಉಳಿದ 25 ಲಕ್ಷಕ್ಕೆ, ಉಳಿದ ಹದಿನೈದೂವರೆ ವರ್ಷಕ್ಕೆ, ಕಂತು 23,100. ತಿಂಗಳಿಗೆ ಎರಡೂವರೆ ಸಾವಿರಕ್ಕಿಂತ ಜಾಸ್ತಿ ಉಳಿತಾಯ. ಫ್ಲೋಟಿಂಗ್ ಸಾಲವನ್ನು ಮುಂಚೆಯೇ ತೀರಿಸಿದರೆ ದಂಡವಿಲ್ಲ. ಪ್ರೊಸೆಸಿಂಗ್ ಫೀ, ವಕೀಲರ ಅಭಿಪ್ರಾಯ, ಮನೆ ಬೆಲೆ ಕಟ್ಟುವವರ ಫೀ, ಕಾಗದ ಅಡ ಇಡುವ ನೋಂದಣಿ, ಇವೆಲ್ಲ ಸೇರಿಸಿದರೂ ಲಾಭವೇ.

‘ಭಿಶಿ ಏನರ ಐತೇನ್ರಿ?’

ಬ್ಯಾಂಕಿನಲ್ಲಿ ನಮ್ಮ ಫೈಲ್ ನೋಡಿದವರು ಒಳ್ಳೆಯ ಮನುಷ್ಯ. ಗದಗ ಕಡೆಯವರು, ಮಾತಿನಲ್ಲೇ ಗೊತ್ತಾಗುತ್ತಿತ್ತು. ಸಂಬಳದ ಸ್ಲಿಪ್, ಫಾರ್ಮ್ 16, ಮನೆ ಕಾಗದಗಳಾದ ಸಿಟಿಎಸ್ ಉತಾರ, ಇಸಿ ಎಲ್ಲ ಒಂದೊಂದಾಗಿ ತೆಗೆದು ಟಿಕ್ ಹಾಕಿದರು. ಆಮೇಲೆ ನನ್ನ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದು ಪೆನ್ಸಿಲ್ಲಿನಿಂದ ಒಂದು ಸಾಲಿನ ಸುತ್ತ ಗುಂಡು ಗೆರೆ ಹಾಕಿದರು. ಮುಂದಿನ ಪುಟದಲ್ಲೂ ಅದೇ. ಅದರ ಮುಂದಿನದರಲ್ಲೂ. ಪ್ರತಿ ತಿಂಗಳು 5ನೇ ತಾರೀಖಿಗೆ ಫೋನ್‌ಪೇನಲ್ಲಿ 6,500 ರೂಪಾಯಿ, ಒಬ್ಬರೇ ಹೆಂಗಸಿನ ಹೆಸರಿಗೆ.

‘ಇದು ಯಾರಿಗೆ ಹೊಕ್ಕೈತ್ರಿ ಮೇಡಂ? ಭಿಶಿ ಏನರ ಐತೇನ್ರಿ? ಕೈಗಡ ಏನಿಲ್ಲಲ್ಲ?’

ಅವರ ಅನುಮಾನ ಸರಿಯೇ. ತಿಂಗಳಿಗೊಮ್ಮೆ, ಅದೇ ತಾರೀಖಿಗೆ, ಅದೇ ಮೊತ್ತ ಹೋಗುತ್ತಿದೆ ಅಂದರೆ ಸಾಲದ ಕಂತೋ ಚೀಟಿಯೋ (ಭಿಶಿ ಅಂದರೆ ಅದೇ) ಇರಬೇಕು. ನಾನು ಹೇಳಿದೆ, ‘ಇಲ್ರಿ ಸರ್, ಮಗಳನ್ನ ಬೇಬಿ ಸಿಟಿಂಗಿಗೆ ಬಿಡ್ತೀವಿ, ಅದರ ಫೀ.’

‘ಓ, ಹಂಗೇನ್ರಿ!’ ಅಂದವರೇ ರಬ್ಬರ್ ತಗೊಂಡು ಗುಂಡುಗಳನ್ನೆಲ್ಲ ಅಳಿಸಿಬಿಟ್ಟರು. ‘ಅದು ನಮ್ಮ ಲೆಕ್ಕಕ್ಕ ಬರಂಗಿಲ್ಲ ಬಿಡ್ರಿ.’

ನನಗೆ ಸಮಾಧಾನವಾಗಬೇಕಿತ್ತು. ಆಯಿತು ಕೂಡ. ಆದರೆ ಪಕ್ಕದಲ್ಲೇ ಇನ್ನೊಂದು ಸಾಲು ಇತ್ತು, ನಮ್ಮವರ ಬೈಕಿನ ಕಂತು, 3,400 ರೂಪಾಯಿ. ಅದರ ಗುಂಡು ಅಳಿಸಲಿಲ್ಲ. ಬೈಕನ್ನು ನಾಳೆ ಮಾರಿ ಸಾಲ ತೀರಿಸಿ ಚಿಗರಿ ಬಸ್ಸಿಗೆ ಹೋಗಬಹುದು. ಮಗಳನ್ನು ಏನು ಮಾಡುವುದು? ಎರಡರಲ್ಲಿ ಯಾವುದು ತಪ್ಪಿಸಲಾಗದ ಖರ್ಚು ಅಂತ ಯಾವ ತಾಯಿಯನ್ನು ಕೇಳಿದರೂ ಹೇಳುತ್ತಾಳೆ. ಬ್ಯಾಂಕಿಗೆ ಮಾತ್ರ ಬೈಕ್ ಕಾಣುತ್ತದೆ, ಮಗು ಕಾಣುವುದಿಲ್ಲ.

ಅವರು ಲೆಕ್ಕ ಹಾಕುವ ರೀತಿ ಹೀಗೆ. ಮನೆಗೆ ಬರುವ ಆದಾಯದಲ್ಲಿ ಕಂತುಗಳಿಗೆ ಎಷ್ಟು ಪಾಲು ಹೋಗಬಹುದು ಅಂತ ಒಂದು ಮಿತಿ ಇಟ್ಟುಕೊಂಡಿರುತ್ತಾರೆ. ಎಫ್‌ಓಐಆರ್ ಅಂತ ಅದಕ್ಕೆ ಹೆಸರು. ಬ್ಯಾಂಕಿನಿಂದ ಬ್ಯಾಂಕಿಗೆ, ಸಂಬಳದಿಂದ ಸಂಬಳಕ್ಕೆ ಬದಲಾಗುತ್ತದೆ. ನಮ್ಮಂಥವರಿಗೆ ಅರ್ಧ ಅಂತ ಹಿಡಿದರು. ನಮ್ಮವರ ಕೈಗೆ ಬರುವುದು 46 ಸಾವಿರ, ನನಗೆ 27 ಸಾವಿರ. ಒಟ್ಟು 73. ಅದರಲ್ಲಿ ಅರ್ಧ 36,500. ಬೈಕಿನ 3,400 ಕಳೆದರೆ 33,100. ನಮಗೆ ಬೇಕಾದ ಕಂತು 23,100. ‘ಆರಾಮ ಆಗ್ತದ್ರಿ, ಇನ್ನೂ ಹತ್ತು ಸಾವಿರ ಉಳೀತದ. ಟಾಪ್ ಅಪ್ ಅಂತ ಇನ್ನಷ್ಟು ಸಾಲ ತಗೊಳ್ರಿ, ಮ್ಯಾಲೊಂದು ರೂಮ್ ಹಾಕ್ಸಿದ್ರಾತು’ ಅಂದರು.

ಆ ‘ಉಳಿದ ಹತ್ತು ಸಾವಿರ’ ನಮ್ಮ ಮನೆಯಲ್ಲಿ ಯಾರೂ ಕಂಡಿಲ್ಲ. ಅದರಲ್ಲಿ 6,500 ಬೇಬಿ ಸಿಟಿಂಗಿಗೆ ಹೋಗುತ್ತದೆ. ಸಂಜೆ ನಾನು ಬರುವುದು ತಡವಾದರೆ ತಾಸಿನ ಲೆಕ್ಕದಲ್ಲಿ ಮೇಲೆ ಕೊಡಬೇಕು. ಮಗಳಿಗೆ ಜ್ವರ ಬಂದರೆ ಅಲ್ಲಿ ಬಿಡುವಂತಿಲ್ಲ, ನನ್ನ ರಜೆ ಮುಗಿದಿದ್ದರೆ ಆ ದಿನದ ಸಂಬಳ ಖೋತಾ. ಇದನ್ನೆಲ್ಲ ಸೇರಿಸಿದರೆ ಹತ್ತು ಸಾವಿರ ಎಲ್ಲಿ ಹೋಯಿತು ಅಂತ ಹುಡುಕಬೇಕಾಗಿಲ್ಲ.

ಅವಳ ಸಂಬಳದಲ್ಲೇ ಯಾಕೆ ಕಳೆಯಬೇಕು?

ಬ್ಯಾಂಕನ್ನು ಬೈಯುವುದು ಸುಲಭ. ಆದರೆ ಬ್ಯಾಂಕಿನ ಈ ಕುರುಡುತನ ನನ್ನಂಥವಳಿಗೆ ಒಂದು ರೀತಿಯಲ್ಲಿ ಅನುಕೂಲವೇ ಆಯಿತು. ಯಾಕೆಂದರೆ ಮನೆಯೊಳಗಿನ ಲೆಕ್ಕ ಇದಕ್ಕಿಂತ ಕೆಟ್ಟದು.

ಮಗಳು ಹುಟ್ಟಿದ ಮೇಲೆ ಬಂದವರೆಲ್ಲ ಒಂದೇ ಲೆಕ್ಕ ಹೇಳಿದರು. ‘ನಿನ್ನ ಪಗಾರ 27. ಅದರಾಗ ಕೂಸಿಗೆ 6,500, ಹೋಗಿ ಬರಾಕ ಎರಡು, ಹೊರಗಿನ ಊಟ, ಸೀರಿ, ಅದು ಇದು. ಉಳಿಯೋದೆಷ್ಟು? ಸುಮ್ನ ಮನ್ಯಾಗಿದ್ದು ಕೂಸಿನ್ನ ನೋಡ್ಕೊ.’ ಹೇಳಿದವರಲ್ಲಿ ಹೆಂಗಸರೇ ಜಾಸ್ತಿ. ಮಗು ಇಬ್ಬರದು, ಆದರೆ ಅದನ್ನು ನೋಡಿಕೊಳ್ಳುವ ಖರ್ಚು ಮಾತ್ರ ನನ್ನ ಸಂಬಳದಲ್ಲೇ ಕಳೆಯಬೇಕು. ನಮ್ಮವರ 46ರಲ್ಲಿ ಯಾರೂ ಒಂದು ರೂಪಾಯಿ ಕಳೆದು ನೋಡಲಿಲ್ಲ. ಅವರು ಕೆಲಸಕ್ಕೆ ಹೋಗಲಿಕ್ಕೂ ಮಗುವನ್ನು ಯಾರಾದರೂ ನೋಡಿಕೊಳ್ಳಲೇಬೇಕು ಅಲ್ವಾ?

ನಾನು ಆ ಮಾತು ಕೇಳಿ ಕೆಲಸ ಬಿಟ್ಟಿದ್ದರೆ ಈಗ ಏನಾಗುತ್ತಿತ್ತು? ಬ್ಯಾಂಕಿನ ಲೆಕ್ಕಕ್ಕೆ ಹೋಗೋಣ. 46ರಲ್ಲಿ ಅರ್ಧ 23 ಸಾವಿರ. ಬೈಕ್ ಕಳೆದರೆ 19,600. ಬೇಕಾದ ಕಂತು 23,100. ಅರ್ಜಿ ಅಲ್ಲಿಗೇ ನಿಂತಿತು. ತಮಾಷೆ ಏನೆಂದರೆ, ನಾವು ಈಗಾಗಲೇ 25,800 ಕಟ್ಟುತ್ತಿದ್ದೇವೆ, ಒಂದು ಕಂತೂ ತಪ್ಪಿಲ್ಲ. 25,800 ಕಟ್ಟುವವರಿಗೆ 23,100 ಕಟ್ಟುವ ಶಕ್ತಿ ಇಲ್ಲ ಅಂತ ಕಾಗದ ಹೇಳುತ್ತದೆ! ಹಳೆಯ ಕಂಪನಿಯಲ್ಲೇ ಜಾಸ್ತಿ ಬಡ್ಡಿ ಕಟ್ಟುತ್ತಾ ಕೂತಿರಬೇಕು. ಕಡಿಮೆ ಬಡ್ಡಿ ಯಾರಿಗೆ ಹೆಚ್ಚು ಬೇಕೋ ಅವರಿಗೇ ಬಾಗಿಲು ಮುಚ್ಚಿರುತ್ತದೆ.

ಹಾಗಾಗಿ ‘ಉಳಿಯೋದೆಷ್ಟು’ ಅನ್ನುವ ಪ್ರಶ್ನೆಗೆ ನನ್ನ ಉತ್ತರ ಈಗ ಬೇರೆ. ಸಂಬಳದಲ್ಲಿ ಡೇ ಕೇರ್ ಕಳೆದರೆ ಉಳಿಯುವುದು ಅದರ ಒಂದು ಬೆಲೆ. ಆ ಸಂಬಳದ ಸ್ಲಿಪ್ ಇರುವುದರಿಂದ ಇಡೀ ಮನೆಯ ಸಾಲಕ್ಕೆ ಸಿಗುವ ಬಡ್ಡಿ ಇನ್ನೊಂದು ಬೆಲೆ. ನಮ್ಮ ವಿಷಯದಲ್ಲಿ ಎರಡನೆಯದು ತಿಂಗಳಿಗೆ ಎರಡೂವರೆ ಸಾವಿರ, ಹದಿನೈದೂವರೆ ವರ್ಷ. ಅದೂ ಅಲ್ಲದೆ ಕೆಲಸ ಬಿಟ್ಟು ಮೂರು ವರ್ಷದ ಮೇಲೆ ಮತ್ತೆ ಸೇರಿದರೆ ಹಳೆಯ ಸಂಬಳ ಸಿಗುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಸೇರಿದ ಮರುದಿನವೇ ಬ್ಯಾಂಕ್ ಅದನ್ನು ಆದಾಯ ಅಂತ ಒಪ್ಪುವುದೂ ಇಲ್ಲ. ಸ್ಲಿಪ್ಪುಗಳು ಕೂಡಬೇಕು, ಫಾರ್ಮ್ 16 ಬರಬೇಕು.

2017ರ ತಿದ್ದುಪಡಿಯ ಮೇಲೆ ಹೆರಿಗೆ ರಜೆ 26 ವಾರ ಸಿಗುತ್ತದೆ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕು ಅಂತಲೂ ಕಾನೂನು ಹೇಳುತ್ತದೆ. ನಮ್ಮ ಆಫೀಸಿನಲ್ಲಿ ಅಷ್ಟು ಜನ ಇಲ್ಲ. ಹುಬ್ಬಳ್ಳಿ ಧಾರವಾಡದ ಎಷ್ಟು ಅಂಗಡಿ, ಕ್ಲಿನಿಕ್, ಶೋರೂಮ್‌ಗಳಲ್ಲಿ ಇದ್ದಾರೆ ಹೇಳಿ? ಹಳ್ಳಿ ಕಡೆ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರಿಗೆ ಅಂತ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಶುರುವಾಗಿದೆ. ಅದು ಒಳ್ಳೆಯ ಕೆಲಸ. ಶಹರದಲ್ಲಿ ಸಂಬಳಕ್ಕೆ ದುಡಿಯುವವರು ಮಾತ್ರ ತಮ್ಮ ದಾರಿ ತಾವೇ ನೋಡಿಕೊಳ್ಳಬೇಕು.

ರೆಡಿಂಗ್‌ನಲ್ಲಿ

ತಂಗಿಯ ಕಥೆ ಇದರ ತದ್ವಿರುದ್ಧ. ಅಲ್ಲಿ ಸಾಮಾನ್ಯವಾಗಿ ಎರಡು ವರ್ಷಕ್ಕೋ ಐದು ವರ್ಷಕ್ಕೋ ಬಡ್ಡಿ ಸ್ಥಿರ ಇರುತ್ತದೆ. ಅವಧಿ ಮುಗಿದಾಗ ಹೊಸ ಒಪ್ಪಂದ ಮಾಡಿಕೊಳ್ಳದಿದ್ದರೆ ಸಾಲ ಕೊಟ್ಟವರ ದುಬಾರಿ ದರಕ್ಕೆ ಬೀಳುತ್ತೀರಿ. ಅವರು 2021ರಲ್ಲಿ ಐದು ವರ್ಷಕ್ಕೆ ಶೇ. 2ಕ್ಕಿಂತ ಕಡಿಮೆಗೆ ತಗೊಂಡಿದ್ದರು. ಆಗ ಬ್ಯಾಂಕ್ ಆಫ್ ಇಂಗ್ಲೆಂಡ್ ದರ 0.1 ಇತ್ತು. 2023ರ ಆಗಸ್ಟ್‌ಗೆ ಅದೇ ದರ 5.25ಕ್ಕೆ ಹೋಗಿ ಆಮೇಲೆ ನಿಧಾನವಾಗಿ ಇಳಿಯಿತು. ಈಗ ಅವರ ಐದು ವರ್ಷ ಮುಗಿಯುತ್ತಿದೆ. ಹೊಸ ಬಡ್ಡಿ ಹಳೆಯದರ ಎರಡು ಪಟ್ಟಿಗಿಂತ ಜಾಸ್ತಿ. ಮನೆ ಹಿಂಭಾಗ ಸ್ವಲ್ಪ ಕಟ್ಟಿಸೋಣ ಅಂತ ಮೇಲೊಂದಿಷ್ಟು ಹಣವನ್ನೂ ಕೇಳಿದ್ದರು.

2014ರಿಂದ ಅಲ್ಲಿ ನಿಯಮ ಬಿಗಿಯಾಗಿದೆ. ಸಾಲ ಕೊಡುವವರು ಆದಾಯದ ಜೊತೆಗೆ ಖರ್ಚನ್ನೂ ನೋಡಲೇಬೇಕು. ಮಕ್ಕಳ ನರ್ಸರಿ ಫೀಯನ್ನು ಕಾರಿನ ಕಂತಿನ ಸಾಲಿನಲ್ಲೇ ಇಟ್ಟು ಆದಾಯದಲ್ಲಿ ಕಳೆಯುತ್ತಾರೆ. ದಿನವಿಡೀ ಬಿಟ್ಟರೆ ತಿಂಗಳಿಗೆ ಸಾವಿರ ಪೌಂಡ್ ದಾಟುವ ನರ್ಸರಿಗಳು ಅಲ್ಲಿ ಬೇಕಾದಷ್ಟಿವೆ. 2025ರ ಸೆಪ್ಟೆಂಬರ್‌ನಿಂದ ಇಂಗ್ಲೆಂಡಿನಲ್ಲಿ ದುಡಿಯುವ ಪೋಷಕರಿಗೆ, ಮಗುವಿಗೆ ಒಂಬತ್ತು ತಿಂಗಳು ಆದಾಗಿನಿಂದ, ವಾರಕ್ಕೆ 30 ತಾಸು ಸರಕಾರವೇ ಭರಿಸುತ್ತದೆ. ಆದರೆ ಅದು ವರ್ಷಕ್ಕೆ 38 ವಾರಕ್ಕೆ ಮಾತ್ರ. ಉಳಿದದ್ದಕ್ಕೆ ಟ್ಯಾಕ್ಸ್ ಫ್ರೀ ಚೈಲ್ಡ್‌ಕೇರ್ ಅಂತ ಇದೆ, ನೀವು 8 ಪೌಂಡ್ ಹಾಕಿದರೆ ಸರಕಾರ 2 ಹಾಕುತ್ತದೆ, ಒಂದು ಮಗುವಿಗೆ ವರ್ಷಕ್ಕೆ 2,000 ಪೌಂಡ್‌ವರೆಗೆ. ಇಷ್ಟೆಲ್ಲ ಕಳೆದು ಉಳಿದ ಫೀಯನ್ನು ಅರ್ಜಿಯಲ್ಲಿ ಬರೆದರು. ಕೇಳಿದಷ್ಟು ಹಣ ಸಿಗುವುದಿಲ್ಲ ಅಂತ ಉತ್ತರ ಬಂತು.

‘ಅಕ್ಕಾ, ಇನ್ನೊಂದು ವರ್ಷಕ್ಕೆ ಅವನು ಸಾಲಿಗೆ ಹೋಗ್ತಾನ. ಫೀ ಅರ್ಧಕ್ಕರ್ಧ ಇಳೀತದ. ಇಪ್ಪತ್ತು ವರ್ಷದ ಸಾಲಕ್ಕ ಈ ವರ್ಷದ ನರ್ಸರಿ ಹಿಡಿದು ಕೂತಾರ!’ ಅಂತ ಫೋನಿನಲ್ಲಿ ಸಿಟ್ಟು ಮಾಡಿಕೊಂಡಳು. ಅವಳ ಸಿಟ್ಟು ನ್ಯಾಯವಾದದ್ದೇ. ಅಲ್ಲಿ ನಾಲ್ಕು ತುಂಬಿದ ಮೇಲಿನ ಸೆಪ್ಟೆಂಬರ್‌ನಲ್ಲಿ ಸರಕಾರಿ ಶಾಲೆ ಶುರು, ಅದಕ್ಕೆ ಫೀ ಇಲ್ಲ. ಶಾಲೆ ಬಿಟ್ಟ ಮೇಲಿನ ಮೂರು ತಾಸಿನ ಖರ್ಚು ಮಾತ್ರ ಉಳಿಯುತ್ತದೆ. ಆದರೆ ಅರ್ಜಿ ನೋಡುವವರು ಇವತ್ತಿನ ತಿಂಗಳನ್ನು ನೋಡುತ್ತಾರೆ.

ಅಲ್ಲಿ ಒಂದು ಸೌಕರ್ಯ ಇದೆ, ನನಗೆ ತುಂಬಾ ಹಿಡಿಸಿದ್ದು. ಹೆಚ್ಚಿನ ಹಣ ಕೇಳದೆ, ಈಗ ಸಾಲ ಕೊಟ್ಟವರಲ್ಲೇ ಹೊಸ ದರಕ್ಕೆ ಹೋದರೆ ಸಾಮಾನ್ಯವಾಗಿ ಖರ್ಚಿನ ಲೆಕ್ಕವನ್ನೇ ಕೇಳುವುದಿಲ್ಲ. ಪ್ರಾಡಕ್ಟ್ ಟ್ರಾನ್ಸ್‌ಫರ್ ಅನ್ನುತ್ತಾರೆ. ಕಂತು ತಪ್ಪಿಸದೆ ಕಟ್ಟಿದವರು ಮುಂದೆಯೂ ಕಟ್ಟುತ್ತಾರೆ ಅನ್ನುವ ಸಾದಾ ತರ್ಕ. ಹಾಗೆಯೂ ಬದಲಿಸಿಕೊಳ್ಳಲಾಗದೆ ದುಬಾರಿ ದರದಲ್ಲಿ ಸಿಕ್ಕಿಬಿದ್ದವರಿಗೆ ಅಲ್ಲಿ ‘ಮಾರ್ಟ್‌ಗೇಜ್ ಪ್ರಿಸನರ್ಸ್’ ಅಂತಲೇ ಹೆಸರು. ತಂಗಿ ಹಿಂಭಾಗ ಕಟ್ಟಿಸುವ ಆಸೆ ಬಿಟ್ಟು, ಸಾಲ ಕೊಟ್ಟವರಲ್ಲೇ ಹೊಸ ದರಕ್ಕೆ ಹೋದಳು. ನಮ್ಮಲ್ಲೂ ಹಳೆಯ ಕಂಪನಿಗೆ ಒಂದಿಷ್ಟು ಫೀ ಕಟ್ಟಿ ದರ ಇಳಿಸಿಕೊಳ್ಳುವ ದಾರಿ ಇದೆ. ಎಷ್ಟೋ ಜನ ಕೇಳುವುದೇ ಇಲ್ಲ. ನಾವು ಕೇಳಿದೆವು. ಅವರು ಇಳಿಸುತ್ತೇವೆ ಅಂದ ದರ ಬ್ಯಾಂಕಿನ ಹತ್ತಿರಕ್ಕೂ ಬರಲಿಲ್ಲ.

ಅಜ್ಜಿ ಅಂದರೆ ಫುಕಟ್ ಅಲ್ಲ

ನಮ್ಮ ಬ್ಯಾಂಕುಗಳು ಆ ಕಾಲಂ ಇಡದಿರುವುದಕ್ಕೆ ಕಾರಣ ನನಗೆ ಅನ್ನಿಸುವುದು, ಮನೆಯಲ್ಲಿ ಯಾರಾದರೂ ಇದ್ದೇ ಇರುತ್ತಾರೆ ಅನ್ನುವ ನಂಬಿಕೆ. ನಮ್ಮ ಮನೆಯಲ್ಲೂ ಮೊದಲು ಇದ್ದರು. ನನ್ನ ರಜೆ ಮುಗಿದಾಗ ಅತ್ತೆ ಊರಿಂದ ಬಂದರು. ಗದಗ ಕಡೆ ಎಂಟು ಎಕರೆ ಎರೆಹೊಲ, ಮಾವ ಒಬ್ಬರೇ. ಅತ್ತೆ ಇದ್ದಷ್ಟು ದಿನ ನಮಗೆ ಒಂದು ರೂಪಾಯಿ ಖರ್ಚಿಲ್ಲ ಅಂತ ನಾವು ಅಂದುಕೊಂಡಿದ್ದೆವು. ಮುಂಗಾರಿನ ಹೆಸರುಕಾಯಿ ಬಿಡಿಸುವ ಹೊತ್ತಿಗೆ ಮಾವನ ಫೋನ್ ಬರಲು ಶುರುವಾಯಿತು. ಮಳೆ ಹಿಡಿದರೆ ಕಾಯಿ ಹೊಲದಲ್ಲೇ ಮೊಳಕೆ ಒಡೆಯುತ್ತದೆ, ಆಳು ಸಿಗುತ್ತಿಲ್ಲ, ಸಿಕ್ಕವರು ಕೂಲಿ ಏರಿಸಿದ್ದಾರೆ.

ಒಂದು ರಾತ್ರಿ ಮಗಳಿಗೆ ಅನ್ನ ಕಲಸುತ್ತಾ ಅತ್ತೆ ಅಂದರು, ‘ನೋಡವಾ, ನೀವು ಇಲ್ಲಿ ಕೂಸಿನ ರೊಕ್ಕ ಉಳೀತು ಅಂತೀರಿ. ಅಲ್ಲಿ ನಾ ಮಾಡೋ ಕೆಲಸಕ್ಕ ನಿಮ್ಮ ಮಾವ ಆಳು ಹಚ್ಚ್ಯಾರ. ಆ ಕೂಲಿ ಯಾರ ಲೆಕ್ಕದಾಗ ಬರ್ಕೊಂತೀರಿ?’ ಬೇಜಾರಿನಿಂದ ಹೇಳಿದ ಮಾತಲ್ಲ. ಅವರದು ಯಾವಾಗಲೂ ಕಡ್ಡಿ ಮುರಿದಂತೆ ಮಾತು. ಮುಂದಿನ ವಾರ ನಮ್ಮವರು ಅವರನ್ನು ಊರಿಗೆ ಬಿಟ್ಟು ಬಂದರು. ಹೆಸರು ಮುಗಿದ ಮೇಲೆ ಕಡಲೆ ಬಿತ್ತನೆ ಬಂತು, ಆಮೇಲೆ ಅವರ ಮೊಣಕಾಲು ನೋವು. ನಾವು ಮತ್ತೆ ಬನ್ನಿ ಅಂತ ಕೇಳಲಿಲ್ಲ. ಡೇ ಕೇರ್ ಹುಡುಕಿದೆವು.

ಕಾಕು

ನವನಗರದಲ್ಲೇ ನಮ್ಮ ಮನೆಯಿಂದ ಎರಡು ಓಣಿ ಆಚೆ, ಈಗ ಮಗಳನ್ನು ನೋಡಿಕೊಳ್ಳುವವರ ಮನೆ. ಎಲ್ಲರೂ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಅಂತಲೇ ಕರೆಯುತ್ತಾರೆ. ಬಾಡಿಗೆ ಮನೆ. ಪಡಸಾಲೆಯಲ್ಲಿ ಎಂಟೊಂಬತ್ತು ಮಕ್ಕಳು, ಜೊತೆಗೆ ಸಹಾಯಕ್ಕೆ ಒಬ್ಬ ಹುಡುಗಿ. ಮಧ್ಯಾಹ್ನ ಮೆತ್ತಗೆ ಅನ್ನ ತೊವ್ವೆ, ಆಮೇಲೆ ಸಾಲಾಗಿ ಹಾಸಿದ ಕೌದಿಗಳ ಮೇಲೆ ನಿದ್ದೆ. ಅವರಿಗೂ ಒಂದು ಸ್ವಂತ ಮನೆ ಬೇಕು ಅಂತ ಬಹಳ ದಿನದಿಂದ ಆಸೆ. ನಮ್ಮ ಸಾಲದ ಓಡಾಟ ಗೊತ್ತಾಗಿ, ‘ನನಗೂ ಎಷ್ಟು ಕೊಡ್ತಾರ ಕೇಳ್ರಿ’ ಅಂದರು. ಕೇಳಿದೆ. ಅದೇ ಗದಗದ ಸಾಹೇಬರು ಕೇಳಿದ್ದು ಒಂದೇ, ‘ಐಟಿ ರಿಟರ್ನ್ ಅದಾವೇನ್ರಿ?’ ಇಲ್ಲ. ಹಾಗಿದ್ದರೆ ಆದಾಯವೂ ಇಲ್ಲ.

ಎಂಟು ಮನೆಯವರು ಕೊಡುವ ಫೀ ಲೆಕ್ಕ ಹಾಕಿ. ಬಾಡಿಗೆ, ಹುಡುಗಿಯ ಸಂಬಳ, ದಿನಸಿ ಕಳೆದರೂ ನನ್ನ ಸಂಬಳಕ್ಕಿಂತ ಕಡಿಮೆ ಇರಲಿಕ್ಕಿಲ್ಲ. ಆದರೆ ಆ 6,500 ನನ್ನ ಸ್ಟೇಟ್‌ಮೆಂಟ್‌ನಿಂದ ಹೊರಡುವಾಗ ಖರ್ಚು ಅಂತ ಹಿಡಿಯಲಿಲ್ಲ, ಅವರ ಖಾತೆಗೆ ಬಂದು ಸೇರಿದಾಗ ಆದಾಯ ಅಂತ ಹಿಡಿಯಲಿಲ್ಲ. ಎರಡೂ ಬ್ಯಾಂಕ್ ಖಾತೆಗಳಲ್ಲಿ ಅಚ್ಚಾಗಿರುವ ದುಡ್ಡು ಅದು. ನಾನು ನಮ್ಮ ಕಡೆಯ ಸಾಲಿನ ಬಗ್ಗೆ ಗೊಣಗುತ್ತಿದ್ದೆ. ಅವರ ಕಡೆಯ ಸಾಲು ಖಾಲಿ ಇರುವುದರಿಂದ ಆಗುವ ನಷ್ಟ ಅದಕ್ಕಿಂತ ದೊಡ್ಡದು. ನಮಗೆ ಬ್ಯಾಂಕ್ ಬೇಕಾದ್ದಕ್ಕಿಂತ ಜಾಸ್ತಿ ಕೊಡಲು ಬಂತು. ಅವರಿಗೆ ಏನೂ ಇಲ್ಲ.

ನಮ್ಮದು ಮಂಜೂರಾಯಿತು. ಟಾಪ್ ಅಪ್ ತಗೊಳ್ಳಲಿಲ್ಲ. ಮೇಲಿನ ರೂಮಿನ ಆಸೆ ನಮ್ಮವರಿಗೆ ಈಗಲೂ ಇದೆ, ಆದರೆ ಜೂನ್‌ಗೆ ಮಗಳ ಸ್ಕೂಲ್ ಅಡ್ಮಿಷನ್ ಇದೆ. ಸ್ಕೂಲ್ ಮಧ್ಯಾಹ್ನಕ್ಕೇ ಬಿಡುವುದರಿಂದ ಅಲ್ಲಿಂದ ಸಂಜೆವರೆಗೆ ಕಾಕು ಮನೆಯೇ ಗತಿ. ಇನ್ನೆರಡು ವರ್ಷ ಎರಡೂ ಫೀ ಕಟ್ಟಬೇಕು. ಹೊಸ ಬ್ಯಾಂಕಿನವರು ಮತ್ತೆ 20 ವರ್ಷಕ್ಕೆ ಮಾಡಿದರೆ ಕಂತು ಇನ್ನೂ ಇಳಿಯುತ್ತದೆ ಅಂದರು. ಬೇಡ ಅಂದೆವು, ಉಳಿದ ಹದಿನೈದೂವರೆಯೇ ಇರಲಿ. ಹಾಗೆ ಅವಧಿ ಎಳೆದುಕೊಂಡರೆ ಕಡಿಮೆ ಬಡ್ಡಿಯ ಲಾಭವನ್ನು ನಾವೇ ಕೈಯಾರೆ ತಿಂದುಹಾಕಿದಂತೆ.

ಕಾಕುನ್ನು ನಮ್ಮ ಆಫೀಸಿನ ಲೆಕ್ಕ ನೋಡುವ ಸಿಎ ಹತ್ತಿರ ಕರೆದುಕೊಂಡು ಹೋಗಿದ್ದೆ. ಈ ವರ್ಷದಿಂದಲೇ ರಿಟರ್ನ್ ಹಾಕಿ, ಅವರ ಆದಾಯಕ್ಕೆ ತೆರಿಗೆ ಏನೂ ಬರುವುದಿಲ್ಲ, ಎರಡು ವರ್ಷದ್ದು ಕೂಡಿದ ಮೇಲೆ ಬ್ಯಾಂಕಿಗೆ ಹೋಗಿ ಅಂದರು. ಎಲ್ಲ ಫೀ ಫೋನ್‌ಪೇಗೇ ಬರಲಿ, ಕೈಯಲ್ಲಿ ತಗೊಳ್ಳಬೇಡಿ ಅಂತಲೂ ಹೇಳಿದರು. ವಾಪಸು ಬರುವಾಗ ಕಾಕು ಆಟೋದಲ್ಲಿ ಬಹಳ ಹೊತ್ತು ಬೆರಳು ಎಣಿಸುತ್ತಿದ್ದರು. ಉಣಕಲ್ ದಾಟಿದ ಮೇಲೆ ಕೇಳಿದರು, ‘ಆದಾಯ ಜಾಸ್ತಿ ತೋರಿಸಿದಷ್ಟು ಸಾಲ ಜಾಸ್ತಿ ಕೊಡ್ತಾರಲ್ರಿ?’ ಹೌದು ಅಂದೆ.

‘ಹಂಗಾರ ಜೂನ್‌ದಿಂದ ಎಲ್ಲಾರಿಗೂ ಐನೂರು ಏರಸ್ತೀನಿ. ನಿಮಗೂ ಸೇರಿ ಹೇಳ್ತೀನ್ರಿ, ಬ್ಯಾಸರ ಮಾಡ್ಕೋಬ್ಯಾಡ್ರಿ’ ಅಂದರು.